ಹಲ್ಲಿನ ಇಂಜೆಕ್ಷನ್ ನೋವು ಕಡಿಮೆ ಮಾಡಿಕೊಳ್ಳೋದು ಹೇಗೆ?

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತರೆ ಎಲ್ಲರ ಕಣ್ಣೂ ಸೂಜಿ ಮೇಲೇ. ಸೂಜಿ ಸಣ್ಣದಾ, ದಪ್ಪವಾ ಅಂತ ನೋಡಿ ನೋಡಿಯೇ ಅರ್ಧ ಜೀವ ಹೋಗಿರುತ್ತದೆ. ಅದರ ದಪ್ಪದಿಂದ ಅಂಥ ವ್ಯತ್ಯಾಸವೇನೂ ಆಗುವುದಿಲ್ಲ. ಔಷಧಿ ಎಷ್ಟು ವೇಗವಾಗಿ ಒಳಗೆ ಹೋಗುತ್ತದೆ ಅನ್ನುವುದೇ ಮುಖ್ಯ.

ಮೊದಲು, ಹಲ್ಲುನೋವು ಶುರುವಾದ ತಕ್ಷಣ ಹೋಗಿ. ಕೀವು ತುಂಬಿ ಊದಿಕೊಂಡ ಜಾಗದಲ್ಲಿ ಆಮ್ಲದ ಅಂಶ ಜಾಸ್ತಿ ಇರುತ್ತದೆ, ಅಲ್ಲಿ ಮರಗಟ್ಟಿಸುವ ಔಷಧಿ ಸರಿಯಾಗಿ ಹಿಡಿಯುವುದೇ ಇಲ್ಲ. ಹೃದಯದ ತೊಂದರೆ, ಅಲರ್ಜಿ, ತೆಗೆದುಕೊಳ್ಳುತ್ತಿರುವ ಮಾತ್ರೆ ಏನಿದ್ದರೂ ಮೊದಲೇ ಹೇಳಿಬಿಡಿ. ಭಯ ಇದ್ದರೆ ಅದನ್ನೂ ಹೇಳಿ, ನಾಚಿಕೆ ಬೇಡ. ಹೆದರಿದವರಿಗೆ ಅದೇ ಚುಚ್ಚು ಜಾಸ್ತಿ ನೋಯುತ್ತದೆ.

ಆಮೇಲೆ ಚುಚ್ಚುವ ಮುಂಚೆ ಹಚ್ಚುವ ಮರಗಟ್ಟಿಸುವ ಜೆಲ್. ಒಸಡನ್ನು ಒರೆಸಿ ಒಣಗಿಸಿ ಹಚ್ಚಬೇಕು, ಒಂದೆರಡು ನಿಮಿಷ ಬಿಡಬೇಕು. ಹಚ್ಚಿದ ಕೂಡಲೇ ಚುಚ್ಚಿದರೆ ಹಚ್ಚಿದ್ದು ಸುಮ್ನೆ ಶಾಸ್ತ್ರಕ್ಕೆ ಅಷ್ಟೇ. ಕಾದರೂ ಅದು ಮರಗಟ್ಟಿಸುವುದು ಮೇಲಿನ ಎರಡು ಮೂರು ಮಿಲಿಮೀಟರ್ ಮಾತ್ರ.

ಈಗ ಚುಚ್ಚುವ ಹೊತ್ತು. ಡಾಕ್ಟರು ತುಟಿಯನ್ನೋ ಕೆನ್ನೆಯನ್ನೋ ಬಿಗಿಯಾಗಿ ಎಳೆದು ಹಿಡಿದು ಅಲ್ಲಾಡಿಸುತ್ತಾರೆ. ಎಳೆದ ಚರ್ಮಕ್ಕೆ ಸೂಜಿ ಸಲೀಸಾಗಿ ಇಳಿಯುತ್ತದೆ. ಅಲ್ಲಾಡಿಸಿದಾಗ ಆ ಸ್ಪರ್ಶದ ಸಂದೇಶ ನೋವಿನ ಸಂದೇಶವನ್ನು ಸ್ವಲ್ಪ ತಡೆಯುತ್ತದೆ, ಪೆಟ್ಟು ಬಿದ್ದ ಜಾಗವನ್ನು ನಾವು ಉಜ್ಜಿಕೊಳ್ಳುತ್ತೇವಲ್ವಾ, ಹಾಗೆ.

ಇಲ್ಲಿಂದ ಮುಂದೆ ನಿಧಾನವೇ ಎಲ್ಲ. ಒಂದು ಕಾರ್ಟ್ರಿಜ್‌ನಲ್ಲಿ, ಅಂದರೆ ಸಿರಿಂಜಿಗೆ ಹಾಕುವ ಔಷಧಿ ಕೊಳವೆಯಲ್ಲಿ, ಸುಮಾರು 1.8 ಮಿಲಿ ಔಷಧಿ ಇರುತ್ತದೆ, ನಿಮಿಷಕ್ಕೆ 1 ಮಿಲಿ ಲೆಕ್ಕದಲ್ಲಿ ಬಿಟ್ಟರೆ ಒಳ್ಳೆಯದು. ರಭಸದಿಂದ ತಳ್ಳಿದರೆ ಔಷಧಿ ಒಳಗಿನ ಮಾಂಸವನ್ನು ಬಿಗಿದು ಹಿಗ್ಗಿಸುತ್ತದೆ, ನೋವು ಬರುವುದೇ ಅಲ್ಲಿ. ಅಂಗುಳದಲ್ಲಂತೂ ಕೇಳಲೇಬೇಡಿ! ಅಲ್ಲಿ ಮಾಂಸ ಮೂಳೆಗೆ ಅಂಟಿಕೊಂಡೇ ಇರುವುದರಿಂದ ಔಷಧಿಗೆ ಹರಡಲು ಜಾಗವೇ ಇಲ್ಲ. "ಸ್ವಲ್ಪ ನಿಧಾನ ಕೊಡಿ ಡಾಕ್ಟ್ರೇ" ಅಂತ ಮೊದಲೇ ಕೇಳಿಕೊಳ್ಳಿ. ನೋವಾದರೆ ಎಡಗೈ ಎತ್ತುತ್ತೇನೆ ಅಂತಲೂ ಮಾತಾಡಿಕೊಂಡಿರಿ, ಬಾಯಿ ತೆರೆದಿರುವಾಗ ಹೇಳುವುದಾದರೂ ಹೇಗೆ?

ಚುರುಚುರು ಉರಿದರೆ ಗಾಬರಿ ಬೇಡ. ಮರಗಟ್ಟಿದ್ದು ಹೆಚ್ಚು ಹೊತ್ತು ಉಳಿಯಲಿ ಅಂತ ಅಡ್ರಿನಲಿನ್ ಸೇರಿಸಿದ ಔಷಧಿ ಕೆಡದಂತೆ ಆಮ್ಲೀಯವಾಗಿ ಇಟ್ಟಿರುತ್ತಾರೆ, ಉರಿ ಅದರದ್ದು. ಕೆಲವರು ಡಾಕ್ಟರು ಸೋಡಾ ಬೈಕಾರ್ಬನೇಟ್ ಬೆರೆಸಿ ಅದನ್ನು ತಗ್ಗಿಸುತ್ತಾರೆ. ಎದೆ ಡವಡವ ಅಂದರೆ ಅದೂ ಅಡ್ರಿನಲಿನ್‌ದೇ ಇರಬಹುದು, ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಆದರೂ ಡಾಕ್ಟರಿಗೆ ತಿಳಿಸಿ. ಕೆಳದವಡೆಯಲ್ಲಿ ಕರೆಂಟ್ ಹೊಡೆದ ಹಾಗಾದರೆ ಸೂಜಿ ನರಕ್ಕೆ ತಗುಲಿರಬಹುದು. ಆಗ ತಲೆ ಅಲ್ಲಾಡಿಸದೆ ಕೈ ಎತ್ತಿ.

ಕೊನೆಗೆ, ಮರಗಟ್ಟುವವರೆಗೆ ಕಾಯಿರಿ. ಹಲ್ಲಿನ ಮೇಲೆ ಒತ್ತಡ ಗೊತ್ತಾಗುತ್ತದೆ, ನೋವು ಗೊತ್ತಾಗಬಾರದು. ಗೊತ್ತಾದರೆ ಇನ್ನೊಂದು ಸ್ವಲ್ಪ ಔಷಧಿ ಕೇಳಿ. ಮನೆಗೆ ಬಂದ ಮೇಲೆ ಜೋಮು ಬಿಡುವ ತನಕ ಏನನ್ನೂ ಅಗಿಯಬೇಡಿ. ಮಕ್ಕಳ ಮೇಲಂತೂ ಒಂದು ಕಣ್ಣಿಡಿ, ತುಟಿಯನ್ನೇ ಕಚ್ಚಿಕೊಂಡು ಗಾಯ ಮಾಡಿಕೊಂಡರೂ ಅವರಿಗೆ ಗೊತ್ತಾಗುವುದಿಲ್ಲ.