ಪ್ಲೈವುಡ್ ಕೊಯ್ಯುವ ಮೊದಲು ರಟ್ಟು ಹಾಸಿ ನೋಡಿ

ಗಿರಾಕಿಯ ಮನೆಗೆ ಬೇಕಾದ ಮಂಚ, ಸೋಫಾ, ವಾರ್ಡ್‌ರೋಬ್ ಎಲ್ಲವನ್ನೂ ಪೂರ್ತಿ ಅಳತೆಯಲ್ಲೇ ರಟ್ಟಿನಲ್ಲಿ ಕತ್ತರಿಸಿ ನೆಲಕ್ಕೆ ಹಾಸೋಣ ಅಂದಾಗ ನಮ್ಮ ಕಾರ್ಪೆಂಟರ್‌ಗಳೇ ನಕ್ಕರು. ಲ್ಯಾಪ್‌ಟಾಪಲ್ಲಿ ತ್ರೀಡಿ ತೋರಿಸಿದರೆ ಅಡ್ವಾನ್ಸ್ ಬರುತ್ತೆ, ಇದೆಲ್ಲ ಯಾಕೆ ಅಂತ. ಅಡ್ವಾನ್ಸ್ ಬರುತ್ತೆ, ನಿಜ. ಆಮೇಲೆ ವಾರ್ಡ್‌ರೋಬ್ ಬಿಚ್ಚಿ ಮತ್ತೆ ಕಟ್ಟಬೇಕಾದರೆ 25–30 ಸಾವಿರ ಯಾರ ಜೇಬಿಂದ ಹೋಗುತ್ತೆ?

ಬೆಂಗಳೂರಿನ ವಿಜಯನಗರದ ಒಂದು ಮನೆಯಲ್ಲಿ ಇದು ಸಾಬೀತಾಯಿತು. 20x30 ಸೈಟು, ರೂಮು ಪ್ಲಾನಿನಲ್ಲಿ 10x10. ಪ್ಲಾಸ್ಟರಿಂಗ್ ಆದ ಮೇಲೆ ಟೇಪು ಹಿಡಿದರೆ 9 ಅಡಿ 9 ಇಂಚು. ದಕ್ಷಿಣಕ್ಕೆ ತಲೆ ಹಾಕಲೇಬೇಕು ಅಂತ ಅಜ್ಜಿಯ ಪಟ್ಟು. ಮಂಚದ ಕಾಲಿನ ಕಡೆ ಉತ್ತರದ ಗೋಡೆಗೆ ವಾರ್ಡ್‌ರೋಬ್ ಬೇಕು ಅಂತ ಸೊಸೆಯ ಆಸೆ. ಚಿತ್ರದಲ್ಲಿ ಚೆಂದವಾಗೇ ಕಾಣುತ್ತಿತ್ತು. ತಲೆಹಲಗೆ ಸೇರಿ ಮಂಚ 6 ಅಡಿ 9 ಇಂಚು, ವಾರ್ಡ್‌ರೋಬ್ 2 ಅಡಿ ಆಳ. ಉಳಿದದ್ದು ಒಂದೇ ಅಡಿ. ಷಟರ್, ಅಂದರೆ ವಾರ್ಡ್‌ರೋಬಿನ ಬಾಗಿಲು, ಅಗಲ ಒಂದೂವರೆ ಅಡಿ! ರಟ್ಟು ಹಾಸಿ, ಷಟರ್ ಅಳತೆಯ ಇನ್ನೊಂದು ತುಂಡು ಸೊಸೆಯ ಕೈಗೇ ಕೊಟ್ಟು 'ತೆಗೀರಿ ಅಮ್ಮ' ಅಂದೆ. ಅರ್ಧಕ್ಕೇ ಮಂಚಕ್ಕೆ ತಗುಲಿತು. ಮತ್ತೆ ವಾದವೇ ಇಲ್ಲ. ವಾರ್ಡ್‌ರೋಬ್ ಪಶ್ಚಿಮದ ಗೋಡೆಗೆ ಹೋಯಿತು, 5 ಅಡಿಯ ಮಂಚ ಪೂರ್ವದ ಗೋಡೆಗೆ ಒತ್ತಿಕೊಂಡಿತು. ನಡುವೆ 2 ಅಡಿ 9 ಇಂಚು, ಕಾಲಿನ ಕಡೆ ಬಾಗಿಲಿಗೆ 3 ಅಡಿ. ಅಜ್ಜಿಯ ಮಾತೂ ಉಳಿಯಿತು.

ಈ ದಾರಿಗೆ ಸುಮ್ನೆ ಬಂದಿಲ್ಲ. ಮೊದಲು ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದೆವು. ಬೆಳಗ್ಗೆ ನೆಲ ಒರೆಸಿದರೆ ಡೈನಿಂಗ್ ಟೇಬಲ್ಲೇ ಮಾಯ. ನ್ಯೂಸ್‌ಪೇಪರ್ ಹಾಸಿದರೆ ಫ್ಯಾನ್ ಗಾಳಿಗೆ ಹಾರುತ್ತಿತ್ತು. ಬರೀ ಮಾಸ್ಕಿಂಗ್ ಟೇಪು ಅಂಟಿಸಿದರೆ ಜನ ಗೆರೆ ದಾಟಿಕೊಂಡು ಆರಾಮಾಗಿ ಓಡಾಡುತ್ತಾರೆ, ಇಕ್ಕಟ್ಟು ಗೊತ್ತೇ ಆಗಲ್ಲ. ರಟ್ಟಾದರೆ ತುಳಿಯಲು ಹಿಂಜರಿಯುತ್ತಾರೆ. ಫ್ರಿಜ್ಜು, ವಾಷಿಂಗ್ ಮೆಷಿನ್ನಿನ ದೊಡ್ಡ ಡಬ್ಬ ಗುಜರಿಯಲ್ಲಿ 20–30 ರೂಪಾಯಿಗೆ ಸಿಗುತ್ತದೆ. ಟೇಪೂ ಸೇರಿ ಒಂದು ಮನೆಗೆ 400 ರೂಪಾಯಿ ದಾಟಿಲ್ಲ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಅಂಟಿನ ಕಲೆ ಉಳಿಯದ ಹಾಗೆ ಮೊದಲು ಒಂದು ವಸ್ತು ಸವರುತ್ತೇನೆ. ಅದೇನು ಅಂತ ಇಲ್ಲಿ ಬರೆಯಲ್ಲ.

ಹಾಸಿ ಎರಡು ಮೂರು ದಿನ ಬಿಡಬೇಕು, ಇದು ಮುಖ್ಯ. ಮನೆಯವರು ಕಾಫಿ ಲೋಟ ಹಿಡಿದು ಓಡಾಡಲಿ, ಮಕ್ಕಳು ಓಡಲಿ. ಸೋಫಾಕ್ಕೂ ಟೀಪಾಯಿಗೂ ಒಂದೂವರೆ ಅಡಿ ಸಾಕಾ, ಡೈನಿಂಗ್ ಕುರ್ಚಿ ಹಿಂದಕ್ಕೆ ಎಳೆದರೆ ಗೋಡೆಗೆ ಬಡಿಯುತ್ತಾ, ಅವರೇ ಹೇಳುತ್ತಾರೆ.

ಇದರ ಜೊತೆಗೇ ಇನ್ನೊಂದು ಮಾಡಿ ನೋಡಿದೆ. ಟಿವಿ ಬರುವ ಗೋಡೆಗೆ ಒಂದು ಕನ್ನಡಿ ಒರಗಿಸಿ, ಸಂಜೆ ನಾಲ್ಕಕ್ಕೆ ಸೋಫಾದ ರಟ್ಟಿನ ಮೇಲೆ ಕೂತೆ. ಪಶ್ಚಿಮದ ಕಿಟಕಿಯ ಬಿಸಿಲು ಕನ್ನಡಿಗೆ ಬಡಿದು ನೇರ ಕಣ್ಣಿಗೇ ಹೊಡೆಯಿತು. ಟಿವಿ ಇದ್ದರೂ ಇದೇ ಗತಿ. ಟಿವಿ ಪಾಯಿಂಟನ್ನು ಆಗಲೇ ಪಕ್ಕದ ಗೋಡೆಗೆ ತಿರುಗಿಸಿದೆವು. ಪೇಂಟ್ ಆದ ಮೇಲಾಗಿದ್ದರೆ ಗೋಡೆ ಕೊರೆದು ಮುಚ್ಚುವುದಕ್ಕೇ ನಾಲ್ಕೈದು ಸಾವಿರ.

ಆರ್ಡರ್ ಕೊಡುವ ಮೊದಲು ಅದೇ ಸೋಫಾದ ರಟ್ಟನ್ನು ಮೆಟ್ಟಿಲಲ್ಲೂ ಹತ್ತಿಸಿ ನೋಡಿ. 20x30 ಮನೆಗಳ ಮೆಟ್ಟಿಲು ಎರಡೂವರೆ, ಮೂರು ಅಡಿ, ತಿರುವಿನಲ್ಲಿ ಇನ್ನೂ ಕಷ್ಟ. ಮೂರು ಸೀಟಿನ ಸೋಫಾವನ್ನು ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆಸಿದರೆ ಕೂಲಿ 2 ಸಾವಿರದ ಮೇಲೆ, ಗೀಚು ಬೇರೆ. ಈಗ ನಾನು ಬಿಚ್ಚಿಕೊಂಡು ಹತ್ತುವ ಸೋಫಾವನ್ನೇ ಮಾಡಿಸುತ್ತೇನೆ. ಆವತ್ತು ನಕ್ಕವರಲ್ಲಿ ಇಬ್ಬರು ಈಗ ಗುಜರಿಗೆ ಹೋಗಿ ಡಬ್ಬ ತರುತ್ತಿದ್ದಾರೆ.