ಕಾದಂಬರಿಯೊಳಗಿನಿಂದಲೇ ಗ್ರಾಮರ್: 'ರೋಲ್ ಆಫ್ ಥಂಡರ್' ಓದಿಸುವ ರೀತಿ

ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಕಾದಂಬರಿ ಓದಿಸಬೇಕು, ಜೊತೆಗೆ ಗ್ರಾಮರೂ ಆಗಬೇಕು ಅನ್ನುವವರು ಮಿಲ್ಡ್ರೆಡ್ ಟೇಲರ್ ಬರೆದ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' ತೆಗೆದುಕೊಳ್ಳಿ. 1976ರಲ್ಲಿ ಬಂದ ಪುಸ್ತಕ, ಮರುವರ್ಷವೇ ಅದಕ್ಕೆ ಅಮೆರಿಕದಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ನ್ಯೂಬೆರಿ ಪದಕ ಸಿಕ್ಕಿತು. ಕಥೆ ನಡೆಯೋದು ಅಮೆರಿಕದ ಮಿಸಿಸಿಪ್ಪಿಯಲ್ಲಿ, 1933ರಲ್ಲಿ. ಹೇಳುವವಳು ಒಂಬತ್ತು ವರ್ಷದ ಕ್ಯಾಸಿ ಲೋಗನ್, ಸ್ವಂತ ಜಮೀನು ಉಳಿಸಿಕೊಳ್ಳಲು ಒದ್ದಾಡುವ ಕಪ್ಪು ಜನರ ಮನೆಯ ಹುಡುಗಿ.

ಸೋಮವಾರ ಕಥೆ, ಮಂಗಳವಾರ ಗ್ರಾಮರ್ ಅಂತ ಬೇರೆ ಮಾಡಬೇಡಿ. ಮಕ್ಕಳು ಸಿಟ್ಟಾಗಿ "ಯಾರು ಮಾಡಿದ್ದು ಇದನ್ನ?" ಅಂತ ಕೇಳುವ ಜಾಗದಲ್ಲೇ ಗ್ರಾಮರ್ ಶುರು ಮಾಡಿ.

ಮೊದಲ ಅಧ್ಯಾಯದಲ್ಲಿ ಲೋಗನ್ ಮಕ್ಕಳು ಶಾಲೆಗೆ ನಡೆದು ಹೋಗುತ್ತಾರೆ. ಬಿಳಿಯ ಮಕ್ಕಳ ಸ್ಕೂಲ್ ಬಸ್ಸು ಬಂದು ಕೆಂಪು ಧೂಳು ಎಬ್ಬಿಸುತ್ತದೆ, ಆಮೇಲೆ ಮಳೆ ಬಂದಾಗ ಕೆಸರು ಎರಚುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆಯ ಮಕ್ಕಳಿಗೆ ಜುಲೈ ತಿಂಗಳ ಕೆಸರು ರಸ್ತೆ ಏನು ಅಂತ ಹೇಳಿಕೊಡಬೇಕಾ? ಆದ್ರೆ ಒಂದು ವ್ಯತ್ಯಾಸ ಕೇಳಿ: ನಮ್ಮ ಬಸ್ಸು ಎಲ್ಲರನ್ನೂ ಹತ್ತಿಸಿಕೊಳ್ಳುತ್ತದೆ, ಆ ಬಸ್ಸಿಗೆ ಇವರು ಹತ್ತುವ ಹಾಗೇ ಇಲ್ಲ. ಈ ಭಾಗದ ಕ್ರಿಯಾಪದಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಸಿ, ಪಕ್ಕದಲ್ಲಿ ಮಾಡಿದವರು ಯಾರು ಅಂತ ಬರೆಸಿ. ಪಾಸ್ಟ್ ಟೆನ್ಸ್ ಅಲ್ಲೇ ಆಗಿಹೋಗುತ್ತದೆ.

ಅದೇ ಅಧ್ಯಾಯದಲ್ಲಿ ಇನ್ನೊಂದು ದೃಶ್ಯವಿದೆ, ಅದಕ್ಕೆ ಒಂದು ಇಡೀ ಪೀರಿಯಡ್ ಕೊಡಿ. ಶಾಲೆಯಲ್ಲಿ ಹಳೇ ಪುಸ್ತಕ ಹಂಚುತ್ತಾರೆ. ಕ್ಯಾಸಿಯ ಪುಟ್ಟ ತಮ್ಮ ರಟ್ಟಿನ ಒಳಗೆ ಅಂಟಿಸಿದ ಪಟ್ಟಿ ನೋಡುತ್ತಾನೆ. ಯಾವ ವರ್ಷ ಕೊಟ್ಟರು, ಪುಸ್ತಕದ ಸ್ಥಿತಿ ಹೇಗಿತ್ತು, ತೆಗೆದುಕೊಂಡ ಮಗುವಿನ ಜನಾಂಗ ಯಾವುದು ಎಂದು ಅದರಲ್ಲಿದೆ. 1922ರಲ್ಲಿ 'ನ್ಯೂ', ಬಿಳಿಯ ಮಗುವಿಗೆ. ಹೀಗೇ ಹನ್ನೊಂದು ಸಾಲು. ಹನ್ನೆರಡನೆಯದರಲ್ಲಿ, 1933ರಲ್ಲಿ, 'ವೆರಿ ಪೂರ್' ಆದ ಮೇಲೆ ಇವನಿಗೆ. ಅವನು ಪುಸ್ತಕ ಬಿಸಾಡಿ ತುಳಿಯುತ್ತಾನೆ. ಪಟ್ಟಿಯನ್ನು ಬೋರ್ಡ್ ಮೇಲೆ ಬರೆಯಿರಿ, ಕೊನೆಯ ಸಾಲಿನಲ್ಲಿ ಜನಾಂಗದ ಜಾಗದಲ್ಲಿರುವ, ಕಪ್ಪು ಜನರನ್ನು ಹೀಯಾಳಿಸುವ ಬೈಗುಳದ ಜಾಗ ಮಾತ್ರ ಖಾಲಿ ಬಿಡಿ. ಏನೂ ವಿವರಿಸಬೇಡಿ. ಮಕ್ಕಳೇ ಮೇಲಿನಿಂದ ಕೆಳಗೆ ಓದಲಿ. ಗುಣವಾಚಕ ಅಂದ್ರೆ ಏನು ಅಂತ ಅವರಿಗೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಪ್ಯಾಸಿವ್ ವಾಯ್ಸ್. 'ಪುಸ್ತಕ ಕೊಡಲಾಯಿತು' ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆಸಿ, ಕೊಟ್ಟವರು ಯಾರು, ಯಾಕೆ ಅವರ ಹೆಸರಿಲ್ಲ ಅಂತ ಕೇಳಿ, ಅದೇ ವಾಕ್ಯವನ್ನು ಆಕ್ಟಿವ್ ಮಾಡಿಸಿ. ಸುಮ್ನೆ ಇಪ್ಪತ್ತು ವಾಕ್ಯ ಬದಲಿಸೋದಕ್ಕಿಂತ ಇದು ಎಷ್ಟೋ ಮೇಲು.

ಬೈಗುಳದ ವಿಷಯ. ಪುಸ್ತಕದಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಗಟ್ಟಿಯಾಗಿ ಓದಿಸಬೇಡಿ, ಪದಪಟ್ಟಿಗೂ ಸೇರಿಸಬೇಡಿ. ಅದು ನೋವು ಕೊಡಲಿಕ್ಕೆಂದೇ ಬಳಸಿದ ಮಾತು ಅಂತ ಮೊದಲ ದಿನವೇ ನೇರವಾಗಿ ಹೇಳಿ.

ಉಳಿದ ಪದಗಳು ಅಧ್ಯಾಯಕ್ಕೆ ಹತ್ತು ಸಾಕು, ಜಾಸ್ತಿ ಬೇಡ. ಮೊದಲು ಊಹಿಸಲಿ, ಆಮೇಲೆ ಡಿಕ್ಷನರಿ. ಪಾತ್ರಗಳ ಆಡುಮಾತಿನ 'ಏಂಟ್' (ain't) ಥರದ್ದನ್ನು ಕೆಂಪು ಶಾಯಿಯಲ್ಲಿ ತಿದ್ದಿಸಬೇಡಿ. ಅದು ಅವರ ಮನೆಮಾತು, ಅದಕ್ಕೂ ಅದರದೇ ವ್ಯಾಕರಣ ಇದೆ.

ಮುಂದೆ ಪೇಟೆಯಲ್ಲಿ ಕ್ಯಾಸಿ ಒಬ್ಬ ಬಿಳಿಯ ಹುಡುಗಿಯ ಹೆಸರಿಗೆ 'ಮಿಸ್' ಅನ್ನುವ ಗೌರವದ ಮಾತು ಸೇರಿಸಿ ಕ್ಷಮೆ ಕೇಳಬೇಕಾಗುತ್ತದೆ. ಇಲ್ಲಿ ನಮ್ಮೂರಿಗೆ ಬನ್ನಿ. ವಯಸ್ಸಾದವರನ್ನೂ ಏಕವಚನದಲ್ಲಿ ಕರೆಯುವುದನ್ನು ನೋಡಿದ್ದೀರಾ, ಯಾರನ್ನು, ಯಾಕೆ ಅಂತ ಕೇಳಿ. ಮಕ್ಕಳಿಗೆ ಗೊತ್ತಿರುತ್ತದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ ಅನ್ನುವುದನ್ನೂ ಇಲ್ಲೇ ಹೇಳಿ. ಆದ್ರೆ ದಯವಿಟ್ಟು ಯಾವ ಮಗುವಿನ ಜಾತಿಯನ್ನೂ ಕೇಳಬೇಡಿ, "ನಿನ್ನ ಅನುಭವ ಹೇಳು" ಅಂತ ಯಾರನ್ನೂ ಎಬ್ಬಿಸಿ ನಿಲ್ಲಿಸಬೇಡಿ. ಹೇಳಬೇಕು ಅನ್ನಿಸಿದವರು ತಾವೇ ಹೇಳುತ್ತಾರೆ.

ಬರೆಯಲಿಕ್ಕೆ ಮತ್ತೆ ಆ ಪಟ್ಟಿಯನ್ನೇ ಕೊಡಿ. ಟೀಚರ್ ಆಗಿರುವ ಕ್ಯಾಸಿಯ ಅಮ್ಮ ಅದರ ಮೇಲೆ ಕಾಗದ ಅಂಟಿಸುತ್ತಾಳೆ. ಯಾಕೆ ಅಂಟಿಸಿದಳು ಅಂತ 'ಬಿಕಾಸ್', 'ಆಲ್ದೋ', 'ಸೋ' ಬಳಸಿ ಒಂದು ಪ್ಯಾರಾ ಬರೆಯಲಿ. ಸ್ಪೆಲ್ಲಿಂಗ್ ಮರುದಿನ ತಿದ್ದಿ, ಮೊದಲು ಅವರು ಏನು ಬರೆದಿದ್ದಾರೆ ಅಂತ ಪೂರ್ತಿ ಓದಿ.