ಹಗಲು ಬೆಳಕಿನ ಲೆಕ್ಕಕ್ಕೆ ಮನೆಯ ಮಾಡೆಲ್ ಸಿದ್ಧ ಮಾಡುವುದು ಹೇಗೆ?

ಗದಗ-ಬೆಟಗೇರಿಯ ಹಳೆಯ ನೇಕಾರರ ಮನೆಯೊಂದರ ಕೆಲಸ ನಮ್ಮ ಹುಬ್ಬಳ್ಳಿಯ ಆಫೀಸಿಗೆ ಬಂದಿತ್ತು. ಮುಂದೆ ಹಂಚಿನ ಪಡಸಾಲೆ. ಅದರ ಹಿಂದೆ ಮೇಲ್ಮುದ್ದೆಯ ಮಾಳಿಗೆ, ಅಂದರೆ ಮಣ್ಣಿನ ಚಾವಣಿ. ಅದರಲ್ಲಿ ಎರಡು ಬೆಳಕಿಂಡಿ. ಕೆಳಗೆ ಕುಣಿ ಮಗ್ಗ, ಅಂದರೆ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕೈಮಗ್ಗ. ಮನೆ ರಿಪೇರಿ ಮಾಡುವಾಗ ಪಶ್ಚಿಮದ ಗೋಡೆಗೆ ಜಾಲಂಧ್ರ, ಅಂದರೆ ತೂತುತೂತಿನ ಜಾಲರಿ ಕಿಟಕಿ, ಕೂರಿಸಿದರೆ ಮಗ್ಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ, ಬಿಸಿಲು ಕಣ್ಣಿಗೆ ಹೊಡೆಯುತ್ತದೆಯೇ ಎಂದು ಮನೆಯವರು ಕೇಳಿದರು.

ಈ ಪ್ರಶ್ನೆಗೆ ಉತ್ತರ ಕೊಡುವ ಸಾಫ್ಟ್‌ವೇರ್ ಇದೆ. ಆದರೆ ಕಂಪ್ಯೂಟರ್ ಒಂದು ರಾತ್ರಿಯಲ್ಲಿ ಮುಗಿಸಿದ ಲೆಕ್ಕಕ್ಕೆ ಮಾಡೆಲ್, ಅಂದರೆ ಕಂಪ್ಯೂಟರ್‌ನಲ್ಲಿ ಬರೆದ ಮನೆಯ 3ಡಿ ರೂಪ, ಸಿದ್ಧ ಮಾಡಲು ನನಗೆ ಆರು ದಿನ ಹಿಡಿಯಿತು. ಆ ಆರು ದಿನದ ಕೆಲಸ ಏನು ಅನ್ನುವುದೇ ಈ ಲೇಖನ. ಆರ್ಕಿಟೆಕ್ಚರ್, ಸಿವಿಲ್ ಓದುವವರಿಗೂ ಚಿಕ್ಕ ಆಫೀಸು ನಡೆಸುವವರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಬೆಳಕಿನ ಲೆಕ್ಕದ ಬಹಳಷ್ಟು ಸಾಫ್ಟ್‌ವೇರ್‌ಗಳ ಒಳಗೆ ದುಡಿಯುವ ಎಂಜಿನ್ ಹೆಸರು ರೇಡಿಯನ್ಸ್. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಗ್ರೆಗ್ ವಾರ್ಡ್ 1980ರ ದಶಕದಲ್ಲಿ ಬರೆಯಲು ಶುರು ಮಾಡಿದ್ದು. ಪುಕ್ಕಟೆ ಸಿಗುತ್ತದೆ. 3ಡಿ ಮಾಡೆಲ್ ಬರೆಯುವ ರೈನೋ ಸಾಫ್ಟ್‌ವೇರ್ ಜೊತೆ ಬಳಸುವ ಹನಿಬೀ ಕೂಡ ಅದರ ಮೇಲೇ ನಿಂತಿದೆ. ಅದು ಬೆಳಕನ್ನು ಹಿಂದುಮುಂದಾಗಿ ಹುಡುಕುತ್ತದೆ. ಮಗ್ಗದ ಮೇಲಿನ ಒಂದು ಬಿಂದುವಿನಿಂದ ಕಿರಣ ಹೊರಡುತ್ತದೆ, ಗೋಡೆಗೆ ಬಡಿಯುತ್ತದೆ, ಚಾವಣಿಗೆ ಬಡಿಯುತ್ತದೆ, ಕೊನೆಗೆ ಬೆಳಕಿಂಡಿಯಿಂದ ಆಕಾಶಕ್ಕೆ ಹೋಗಿ ಮುಟ್ಟುತ್ತದೆ. ಈ ದಾರಿಯಲ್ಲಿ ಅಡ್ಡ ಬರುವುದೆಲ್ಲ ಮಾಡೆಲ್‌ನಲ್ಲಿ ಇರಬೇಕು. ಅಡ್ಡ ಬಾರದ್ದು ಇರಬಾರದು. ನೋಡಲು ಚೆಂದ ಕಾಣುವ ಮಾಡೆಲ್ ಬೇರೆ, ಬೆಳಕಿಗೆ ಬೇಕಾದ ಮಾಡೆಲ್ ಬೇರೆ.

ಮೊದಲು ಕಳೆ ಕೀಳಿ

ಸ್ಕೆಚ್‌ಅಪ್ ಅಥವಾ ರೆವಿಟ್‌ನಂಥ ಕಟ್ಟಡ ಬರೆಯುವ ಸಾಫ್ಟ್‌ವೇರ್‌ನಿಂದ ಬಂದ ಮಾಡೆಲ್‌ನಲ್ಲಿ ಬಾಗಿಲ ಚಿಲಕ, ನಲ್ಲಿ, ಫ್ಯಾನು, ಸ್ವಿಚ್ ಬೋರ್ಡು ಎಲ್ಲ ಇರುತ್ತವೆ. ಕಂಪ್ಯೂಟರ್ ಪ್ರತಿ ಮೈಯನ್ನೂ ತ್ರಿಕೋನಗಳಾಗಿ ಒಡೆಯುತ್ತದೆ, ಒಂದು ಚಿಲಕದಲ್ಲೇ ಸಾವಿರಾರು ತ್ರಿಕೋನ ಇರಬಹುದು. ಇಡೀ ಕೋಣೆಯ ಗೋಡೆಗಳಿಗೆ ಅಷ್ಟು ಬೇಕಾಗುವುದಿಲ್ಲ. ಇವನ್ನು ಧೈರ್ಯವಾಗಿ ತೆಗೆಯಿರಿ.

ಗೋಡೆಯ ದಪ್ಪ, ಕಿಟಕಿಯ ಚೌಕಟ್ಟು, ಸಜ್ಜಾ, ಕಂಬ, ತೊಲೆಗಳನ್ನು ಮುಟ್ಟಬೇಡಿ. ಪಕ್ಕದ ಮನೆಯ ಗೋಡೆ, ಅಂಗಳದ ಬೇವಿನ ಮರವೂ ಇರಲಿ, ಡಬ್ಬಿಯಂತೆ ಇದ್ದರೂ ಸಾಕು. ಹಳೆಯ ಮನೆಗಳಲ್ಲಿ ಗೋಡೆ ಎರಡು ಅಡಿ ದಪ್ಪ ಇರುವುದುಂಟು. ಅದನ್ನು ಒಂದೇ ಹಾಳೆಯಂತೆ ಬರೆದರೆ ಕಿಟಕಿಯ ಬೆಳಕು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಮಗ್ಗವನ್ನೂ ಬಿಡಬಾರದು. ಅದರ ಚೌಕಟ್ಟಿನ ನೆರಳು ಬಟ್ಟೆಯ ಮೇಲೇ ಬೀಳುತ್ತದಲ್ವಾ?

ಅಳತೆ, ಜಾಗ, ದಿಕ್ಕು

ಮಿಲಿಮೀಟರ್‌ನಲ್ಲಿ ಬರೆದ ಮಾಡೆಲ್ ಮೀಟರ್ ಎಂದು ಓದಿದರೆ ಹತ್ತು ಅಡಿಯ ಕೋಣೆ ಮೂರು ಕಿಲೋಮೀಟರ್ ಆಗುತ್ತದೆ. ಇದು ಬೇಗ ಗೊತ್ತಾಗುತ್ತದೆ. ಗೊತ್ತಾಗದೆ ಕಾಡುವುದು ಬೇರೆ: ಸರ್ವೆ ನಕ್ಷೆಯಿಂದ ಬಂದ ಒಂದು ಒಂಟಿ ಚೂರು ಎಲ್ಲೋ ಮೂರು ಕಿಲೋಮೀಟರ್ ಆಚೆ ಬಿದ್ದಿರುತ್ತದೆ. ಪರದೆಯ ಮೇಲೆ ಕಾಣುವುದೇ ಇಲ್ಲ. ಆದರೆ ಅಲ್ಲಲ್ಲಿ ಬಡಿದು ಬರುವ ಬೆಳಕನ್ನು ರೇಡಿಯನ್ಸ್ ಎಷ್ಟು ಸಣ್ಣದಾಗಿ ನೋಡುತ್ತದೆ ಎಂಬುದು ಇಡೀ ಮಾಡೆಲ್‌ನ ಉದ್ದದ ಮೇಲೆ ನಿಂತಿದೆ. ಲೆಕ್ಕ ಓಡಿಸುವಾಗ ಎಎ, ಎಆರ್ ಎಂಬ ಎರಡು ಅಂಕಿಗಳನ್ನು ನಾವೇ ರೇಡಿಯನ್ಸ್‌ಗೆ ಕೊಡುತ್ತೇವೆ. ಉದ್ದವನ್ನು ಎಎಯಿಂದ ಗುಣಿಸಿ ಎಆರ್‌ನಿಂದ ಭಾಗಿಸಿದರೆ ಅದು ನೋಡುವ ಸೂಕ್ಷ್ಮದ ಅಳತೆ ಸಿಗುತ್ತದೆ. ಎಎ 0.1, ಎಆರ್ 300 ಇಟ್ಟು 60 ಮೀಟರ್ ಮಾಡೆಲ್ ಓಡಿಸಿದರೆ 2 ಸೆಂಟಿಮೀಟರ್ ಬರುತ್ತದೆ. ಆ ಒಂಟಿ ಚೂರು ಇದ್ದರೆ 1 ಮೀಟರ್! ಜಾಲಂಧ್ರದ ಸೂಕ್ಷ್ಮವೆಲ್ಲ ಅಲ್ಲಿಗೇ ಹೋಯಿತು. ಆದ್ದರಿಂದ ಎಲ್ಲವನ್ನೂ ಸೆಲೆಕ್ಟ್ ಮಾಡಿ, ಇಡೀ ಮಾಡೆಲ್ ಎಷ್ಟು ಜಾಗ ಹಿಡಿದಿದೆ ಎಂದು ಒಮ್ಮೆ ನೋಡಿ. ಮನೆಯನ್ನು ಸೊನ್ನೆ ಬಿಂದುವಿನ ಹತ್ತಿರ ತಂದು ಇಡಿ. ಸುತ್ತಲಿನ ನೆಲವನ್ನೂ ಲೆಕ್ಕವಿಲ್ಲದಷ್ಟು ಹಾಸಬೇಡಿ.

ದಿಕ್ಕಿಗೆ ನನ್ನದೊಂದು ಪರೀಕ್ಷೆ ಇದೆ. ಅಂಗಳದಲ್ಲಿ 1 ಮೀಟರ್ ಎತ್ತರದ ಕೋಲು ನಿಲ್ಲಿಸಿ, ಮಾಡೆಲ್‌ನಲ್ಲೇ. ಗದಗ ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ನಡು ಮಧ್ಯಾಹ್ನ ಕೋಲಿನ ನೆರಳು ಉತ್ತರಕ್ಕೆ ಸುಮಾರು 80 ಸೆಂಟಿಮೀಟರ್ ಬೀಳಬೇಕು. ಜೂನ್ 21ಕ್ಕೆ ನೆರಳು ದಕ್ಷಿಣಕ್ಕೆ, ಬರೀ 14 ಸೆಂಟಿಮೀಟರ್. ನಮ್ಮ ಕಡೆ ಬೇಸಿಗೆಯ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ ಎಂಬುದನ್ನು ಮರೆತು ಉತ್ತರದ ಕಿಟಕಿಗೆ ಸಜ್ಜಾ ಹಾಕದವರು ಎಷ್ಟೋ ಮಂದಿ. ನಡು ಮಧ್ಯಾಹ್ನ ಅಂದರೆ ಗಡಿಯಾರದ ಹನ್ನೆರಡಲ್ಲ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಗದಗ 75.6ರಲ್ಲಿದೆ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂವರೆ ಆಸುಪಾಸು.

ಸೂರ್ಯ, ಆಕಾಶವನ್ನು ತಯಾರಿಸಿ ಕೊಡುವ ರೇಡಿಯನ್ಸ್‌ನ ಜೆನ್‌ಸ್ಕೈ ಆಜ್ಞೆಯನ್ನು ನೇರವಾಗಿ ಬಳಸುವವರಿಗೆ ಒಂದು ಮಾತು. ಅದು ಪಶ್ಚಿಮ ರೇಖಾಂಶವನ್ನು ಪ್ಲಸ್ ಎಂದು ತಿಳಿಯುತ್ತದೆ. ನಾವು ಪೂರ್ವದವರು, ಊರಿಗೆ ಮೈನಸ್ 75.6, ಸಮಯದ ರೇಖಾಂಶಕ್ಕೆ ಮೈನಸ್ 82.5 ಎಂದೇ ಕೊಡಬೇಕು.

ಹಂಚು ಮತ್ತು ಬೆಳಕಿಂಡಿ

ಒಂದೊಂದು ಮಂಗಳೂರು ಹಂಚನ್ನೂ ಬರೆಯುವ ಗೋಜಿಗೆ ಹೋಗಬೇಡಿ. ಇಳಿಜಾರಿನ ಒಂದು ಸಮತಟ್ಟು ಹಾಳೆ ಸಾಕು. ಅದು ಎಲ್ಲಿಗೆ ಮುಗಿಯುತ್ತದೆ, ಎಷ್ಟು ಮುಂದೆ ಚಾಚಿದೆ ಎನ್ನುವ ಅಳತೆ ಮಾತ್ರ ಇಂಚಿಗೆ ಇಂಚು ಸರಿಯಿರಲಿ. ನಡುವೆ ಗಾಜಿನ ಹಂಚು ಇದ್ದರೆ ಅಲ್ಲಿ ಹಾಳೆಯನ್ನು ಕತ್ತರಿಸಿ, ಆ ತೂತಿನಲ್ಲಿ ಗಾಜು ಕೂರಿಸಿ. ಕತ್ತರಿಸದೆ ಮೇಲೆ ಸುಮ್ನೆ ಗಾಜು ಇಟ್ಟರೆ ಚಿತ್ರದಲ್ಲಿ ಗಾಜು ಕಾಣುತ್ತದೆ, ಒಳಗೆ ಬೆಳಕು ಬರುವುದಿಲ್ಲ. ಎರಡು ಹಾಳೆ ಒಂದೇ ಮಟ್ಟದಲ್ಲಿ ಒಂದರ ಮೇಲೊಂದು ಕೂತರೂ ತೊಂದರೆಯೇ. ಕಿರಣ ಯಾವುದಕ್ಕೆ ಬಡಿಯುತ್ತದೆ ಎಂದು ಹೇಳಲಾಗದು.

ಬೆಳಕಿಂಡಿಯಲ್ಲಿ ಎಲ್ಲರೂ ಎಡವುತ್ತಾರೆ. ಬೆಟಗೇರಿಯ ಆ ಮನೆಯಲ್ಲಿ ಕಿಂಡಿ ಒಂದೂವರೆ ಅಡಿ ಚೌಕ, ಮಾಳಿಗೆಯ ಮಣ್ಣು ಹೆಚ್ಚೂಕಡಿಮೆ ಅಷ್ಟೇ ದಪ್ಪ. ಅಂದರೆ ಅದು ತೂತಲ್ಲ, ಸಣ್ಣ ಬಾವಿ. ಆಕಾಶದ ಬೆಳಕಿನಲ್ಲಿ ದೊಡ್ಡ ಪಾಲು ಈ ಬಾವಿಯ ಗೋಡೆಗೆ ಬಡಿದೇ ಕೆಳಗೆ ಇಳಿಯುತ್ತದೆ. ಆದ್ದರಿಂದ ದಪ್ಪವನ್ನೂ ಬರೆಯಬೇಕು, ಒಳಮೈಯನ್ನು ಬೇರೆ ಲೇಯರ್‌ನಲ್ಲಿ, ಅಂದರೆ ಮಾಡೆಲ್‌ನ ಬೇರೆ ಪದರದಲ್ಲಿ, ಇಡಬೇಕು. ಒಳಮೈಗೆ ಸುಣ್ಣ ಹಚ್ಚಿದರೆ ಎಷ್ಟು, ಮಣ್ಣಿನ ಬಣ್ಣವೇ ಇದ್ದರೆ ಎಷ್ಟು ಎಂದು ಆಮೇಲೆ ಎರಡೂ ಓಡಿಸಿ ನೋಡಬಹುದು.

ಜಾಲಂಧ್ರ: ದಪ್ಪವೇ ಮುಖ್ಯ

ಉಣಕಲ್‌ನ ಚಂದ್ರಮೌಳೇಶ್ವರ ಗುಡಿಗೆ ಹೋದಾಗ ಅಲ್ಲಿನ ಕಲ್ಲಿನ ಜಾಲಂಧ್ರದ ಹತ್ತಿರ ನಿಂತು ನೋಡಿ. ಎದುರು ನಿಂತರೆ ಆಚೆ ಕಾಣುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಕಲ್ಲಿನ ದಪ್ಪ ಅಡ್ಡ ಬಂದು ಏನೂ ಕಾಣುವುದಿಲ್ಲ. ಸೂರ್ಯನಿಗೂ ಹಾಗೇ.

ನಾವು ಹಾಕಹೊರಟ ಜಾಲಂಧ್ರ 2 ಮೀಟರ್ ಅಗಲ, 1.2 ಮೀಟರ್ ಎತ್ತರ. 10 ಸೆಂಟಿಮೀಟರ್‌ಗೊಂದು ಚೌಕ ತೂತು, ಒಟ್ಟು 240. ತೂತು 6 ಸೆಂಟಿಮೀಟರ್, ದಪ್ಪ 5 ಸೆಂಟಿಮೀಟರ್. ತೂತಿನ ಪಾಲು ನೂರಕ್ಕೆ 36. ಹಾಗಾದರೆ ನೂರಕ್ಕೆ 36 ಬೆಳಕು ಬಿಡುವ ಗಾಜು ಎಂದು ಬರೆದುಬಿಡೋಣ ಅನ್ನಿಸುತ್ತದೆ. ಇದು ತಪ್ಪು. ಇಳಿಹೊತ್ತಿನ ಸೂರ್ಯ ಎದುರಿಗೇ 35 ಡಿಗ್ರಿ ಎತ್ತರದಲ್ಲಿ ಇದ್ದಾನೆ ಅಂದುಕೊಳ್ಳಿ. 5 ಸೆಂಟಿಮೀಟರ್ ದಪ್ಪಕ್ಕೆ 3.5 ಸೆಂಟಿಮೀಟರ್ ನೆರಳು ತೂತಿನೊಳಗೇ ಬೀಳುತ್ತದೆ. ಬಿಸಿಲು ದಾಟಲು ಉಳಿಯುವುದು 2.5 ಸೆಂಟಿಮೀಟರ್. ಸೂರ್ಯ 50 ಡಿಗ್ರಿ ದಾಟಿದರೆ ನೇರ ಬಿಸಿಲಿಗೆ ದಾರಿಯೇ ಇಲ್ಲ. ಗಾಜೆಂದು ಬರೆದಿದ್ದರೆ ಮೂರು ಗಂಟೆಯ ಬಿಸಿಲೂ ಮಗ್ಗದ ಮೇಲೆ ಬಿದ್ದಂತೆ ತೋರಿಸುತ್ತಿತ್ತು.

ಹಾಗಾದರೆ ಹೇಗೆ ಬರೆಯುವುದು? ಒಂದೇ ಒಂದು ತೂತನ್ನು ಅದರ ನಾಲ್ಕು ಒಳಮೈಯ ಸಮೇತ ನೀಟಾಗಿ ಬರೆಯಿರಿ. ಅದನ್ನು ಬ್ಲಾಕ್ ಮಾಡಿ, ಅಂದರೆ ನಕಲು ಮಾಡಬಹುದಾದ ಒಂದೇ ತುಂಡಾಗಿಸಿ, 240 ಸಲ ಜೋಡಿಸಿ. ದುಂಡು ತೂತಾದರೆ ಎಂಟು ಮೂಲೆ ಸಾಕು, ಮೂವತ್ತೆರಡು ಬೇಡ. ಎಂಟು ಮೂಲೆ ಮಾಡಿದಾಗ ತೂತಿನ ವಿಸ್ತೀರ್ಣ ತುಸು ಕಮ್ಮಿಯಾಗುತ್ತದೆ, ಅಷ್ಟನ್ನು ಅಗಲಿಸಿ ಸರಿದೂಗಿಸಿ. ಬಾಗಿದ ಮೈ ಇದ್ದರೆ ತ್ರಿಕೋನಗಳಾಗಿ ಒಡೆದುಬಿಡಿ. ರೇಡಿಯನ್ಸ್‌ನ ಬಹುಭುಜ ಸಮತಟ್ಟಾಗಿಯೇ ಇರಬೇಕು, ನಾಲ್ಕು ಮೂಲೆಯಲ್ಲಿ ಒಂದು ಮೇಲೆದ್ದಿದ್ದರೂ ಲೆಕ್ಕ ಕೆಡುತ್ತದೆ.

ಗಾಜು ಒಂದೇ ಹಾಳೆ

ಗಾಜಿನ ದಪ್ಪ ಬರೆಯಬೇಡಿ. ರೇಡಿಯನ್ಸ್‌ನಲ್ಲಿ ಗ್ಲಾಸ್ ಎಂಬ ವಸ್ತು ಒಂದು ಹಾಳೆಯಲ್ಲೇ ಎರಡು ಮೈಯ ಲೆಕ್ಕವನ್ನೂ ಮುಗಿಸುತ್ತದೆ. ಡಬ್ಬಿಯಂತೆ ಬರೆದರೆ ಎರಡು ಗಾಜು ಎಂದು ತಿಳಿದು, ನೂರಕ್ಕೆ 88 ಬೆಳಕು ದಾಟಬೇಕಾದಲ್ಲಿ 77 ತೋರಿಸುತ್ತದೆ. ಇನ್ನೊಂದು, ಕಂಪನಿಯ ಕಾಗದದಲ್ಲಿ ನೂರಕ್ಕೆ 88 ಎಂದಿದ್ದರೆ ರೇಡಿಯನ್ಸ್‌ಗೆ ಕೊಡುವ ಅಂಕಿ 0.96. ಕೆಲವು ಸಾಫ್ಟ್‌ವೇರ್ ಈ ಬದಲಾವಣೆಯನ್ನು ತಾನೇ ಮಾಡುತ್ತದೆ. ಎರಡೆರಡು ಸಲ ಮಾಡದಂತೆ ನೋಡಿಕೊಳ್ಳಿ.

ಕತ್ತಲೆ ಪರೀಕ್ಷೆ

ಇದನ್ನು ನಾನು ಕಲಿತದ್ದು ಬೆಟಗೇರಿಯಲ್ಲೇ. ಮೊದಲ ಲೆಕ್ಕದಲ್ಲಿ ಮಗ್ಗದ ಹಿಂದಿನ ನೂಲಿನ ಕೋಣೆಗೆ 400 ಲಕ್ಸ್ ಬಂತು (ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ). ಖುಷಿಯಾಗಿ ಮನೆಯ ಹಿರಿಯರಿಗೆ ತೋರಿಸಿದೆ. ಅವರು ಲ್ಯಾಪ್‌ಟಾಪನ್ನು ಒಂದು ಗಳಿಗೆ ನೋಡಿ, ‘ಅಲ್ರೀ ತಮ್ಮಾ, ಆ ಖೋಲ್ಯಾಗ ನಾವು ಹಗಲ್ಹೊತ್ತಿನ್ಯಾಗೂ ಲೈಟ್ ಹಚ್ಚತೇವಿ’ ಎಂದರು. ವಾಪಸ್ ಬಂದು ಹುಡುಕಿದೆ. ಗೋಡೆಯ ತುದಿಗೂ ಮಾಳಿಗೆಗೂ ನಡುವೆ ಮಾಡೆಲ್‌ನಲ್ಲಿ ಎರಡು ಸೆಂಟಿಮೀಟರ್ ಸಂದಿ. ಗೋಡೆಯ ಉದ್ದಕ್ಕೂ ಅದರಿಂದ ಆಕಾಶ ಒಳಗೆ ಇಣುಕುತ್ತಿತ್ತು. ಮುಚ್ಚಿದ ಮೇಲೆ ಆ ಕೋಣೆಗೆ ಬಂದದ್ದು 30 ಲಕ್ಸ್‌ಗಿಂತ ಕಮ್ಮಿ.

ಅಂದಿನಿಂದ ಪ್ರತಿ ಮಾಡೆಲ್‌ಗೂ ಹೀಗೆ ಮಾಡುತ್ತೇನೆ: ಬಾಗಿಲು, ಕಿಟಕಿ, ಕಿಂಡಿ, ಜಾಲಂಧ್ರ ಎಲ್ಲಕ್ಕೂ ಕಪ್ಪು ಹಾಳೆ ಮುಚ್ಚಿ ಒಮ್ಮೆ ಓಡಿಸುತ್ತೇನೆ. ಎಲ್ಲ ಕಡೆ ಸೊನ್ನೆ ಬರಬೇಕು. ಎಲ್ಲಾದರೂ ಅಂಕಿ ಕಂಡರೆ ಅಲ್ಲಿ ಸೋರುತ್ತಿದೆ ಎಂದರ್ಥ. ಗೋಡೆಗಳನ್ನು ಚಾವಣಿಯ ಒಳಗೆ ನಾಲ್ಕು ಬೆರಳು ತೂರಿಸಿ ಬರೆದರೆ ಈ ಕಾಟ ಬಹುಪಾಲು ತಪ್ಪುತ್ತದೆ.

ಲೇಯರ್, ಬಣ್ಣ, ಅಳೆಯುವ ಮಟ್ಟ

ವಸ್ತುವಿಗೊಂದು ಲೇಯರ್ ಇರಲಿ. ಹೆಸರಿನಲ್ಲಿ ಖಾಲಿ ಜಾಗ ಬಿಡಬೇಡಿ. ಗೋಡೆ 50, ಚಾವಣಿ 70, ನೆಲ 20 ಎಂದು ಎಲ್ಲ ಕಡೆ ಬಳಸುವ ಪ್ರತಿಫಲನದ ಅಂಕಿಗಳು, ಅಂದರೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ವಾಪಸ್ ಬರುತ್ತದೆ ಎಂಬುದು, ಹೊಸ ಆಫೀಸಿಗೆ ಸರಿ. ಮರದ ತೊಲೆಯ ಮಾಳಿಗೆಗೆ 70 ಎಲ್ಲಿಂದ ಬಂತು? ಲಕ್ಸ್ ಮೀಟರ್ ಇದ್ದರೆ ನೀವೇ ಅಂದಾಜು ಮಾಡಬಹುದು. ಮೊದಲು ಮೀಟರನ್ನು ಗೋಡೆಗೆ ಒರಗಿಸಿ, ಅದರ ಬೆಳಕು ಅಳೆಯುವ ಕಣ್ಣು ಕೋಣೆಯ ಕಡೆ ಇರುವಂತೆ ಅಳೆಯಿರಿ. ಆಮೇಲೆ ಕಣ್ಣನ್ನು ಗೋಡೆಯ ಕಡೆ ತಿರುಗಿಸಿ, ಒಂದು ಗೇಣು ದೂರಕ್ಕಿಂತ ಕಮ್ಮಿಯಲ್ಲಿ, ನಿಮ್ಮ ನೆರಳು ಬೀಳದಂತೆ ಅಳೆಯಿರಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ.

ಅಳೆಯುವ ಬಿಂದುಗಳ ಬಲೆಯನ್ನು ಸಾಮಾನ್ಯವಾಗಿ ಮೇಜಿನ ಮಟ್ಟಕ್ಕೆ, 0.8 ಮೀಟರ್‌ಗೆ ಹಾಸುತ್ತಾರೆ. ಕುಣಿ ಮಗ್ಗದವರು ಕಾಲು ಕುಣಿಯಲ್ಲಿ ಇಳಿಬಿಟ್ಟು ನೆಲದ ಮಟ್ಟದಲ್ಲಿ ಕೂರುತ್ತಾರೆ. ಟೇಪು ಹಿಡಿದು ಅಳೆದಾಗ ಬಟ್ಟೆ ನೆಲದಿಂದ 30 ಸೆಂಟಿಮೀಟರ್ ಮೇಲಿತ್ತು. ಬಲೆಯನ್ನು ಅಲ್ಲಿಗೆ ಇಳಿಸಿದೆ. ಬಿಂದುಗಳ ಮುಖ ಮೇಲಕ್ಕೇ ಇದೆಯೇ, ಯಾವುದಾದರೂ ಗೋಡೆಯೊಳಗೆ ಹೂತಿದೆಯೇ ಎಂದೂ ನೋಡಿ.

ಇಡೀ ವರ್ಷದ ಲೆಕ್ಕಕ್ಕೆ ಮೊದಲು ಒಂದೇ ಮೋಡದ ಆಕಾಶ ಕೊಟ್ಟು, ಎಬಿ ಎಂಬ ಅಂಕಿಯನ್ನು, ಅಂದರೆ ಬೆಳಕು ಎಷ್ಟು ಸಲ ಬಡಿದು ಬರಬಹುದು ಎಂಬುದನ್ನು, 2ಕ್ಕೆ ಇಟ್ಟು ಓಡಿಸಿ. ತಪ್ಪುಗಳು ಇಲ್ಲೇ ಸಿಗುತ್ತವೆ. ಎಲ್ಲ ಸರಿಯಿದ್ದರೆ 6 ಅಥವಾ 7ಕ್ಕೆ ಏರಿಸಿ. ಬೆಳಕಿಂಡಿಯಂಥ ಬಾವಿ ಇರುವ ಮನೆಗೆ ಅಷ್ಟು ಬೇಕು.

ಕೊನೆಗೆ ನಿಜವಾದ ಮನೆಗೆ ಹೋಗಿ. ಆಷಾಢದ ದಟ್ಟ ಮೋಡದ ದಿನ ಇದಕ್ಕೆ ಒಳ್ಳೆಯದು. ನಾವು ಹೋದಾಗ ಒಬ್ಬರು ಮಾಳಿಗೆ ಹತ್ತಿ ಹೊರಗಿನ ಲಕ್ಸ್ ಓದಿದರು, ನಾನು ಮಗ್ಗದ ಹತ್ತಿರ ಕೂತು, ಅವರ ಜೊತೆ ಫೋನಿನಲ್ಲಿ ಮಾತಾಡುತ್ತ, ಅದೇ ಹೊತ್ತಿಗೆ ಒಳಗಿನದನ್ನು ಓದಿದೆ. ಒಳಗಿನದು ಹೊರಗಿನದರ ನೂರಕ್ಕೆ 1.1. ಜಾಲಂಧ್ರ ಇಲ್ಲದ ಈಗಿನ ಮನೆಯ ಮಾಡೆಲ್ 1.5 ಎಂದಿತ್ತು. ಗೋಡೆಯ ಸುಣ್ಣಕ್ಕೆ 70 ಎಂದು ಕೊಟ್ಟಿದ್ದೆ. ಒಲೆಯ ಹೊಗೆ ಕುಡಿದ ಆ ಗೋಡೆಯನ್ನು ಅಳೆದರೆ ಸಿಕ್ಕಿದ್ದು 52. ಅದನ್ನು ತಿದ್ದಿ ಮತ್ತೆ ಓಡಿಸಿದಾಗ 1.2 ಬಂತು. ಆ ಮೇಲೆಯೇ ಜಾಲಂಧ್ರವನ್ನು ಮಾಡೆಲ್‌ಗೆ ಸೇರಿಸಿದೆ.